ಹೆಂಗಸರ ಕಡೆಯ ಬಾಗಿಲು

ದೊಡ್ಡಬಳ್ಳಾಪುರದ ಪೇಟೆಯಲ್ಲಿದ್ದ ಮುನಿರಾಮಯ್ಯನವರ ಟಾಕೀಸಿಗೆ ಊರಿನವರು ಇಟ್ಟ ಹೆಸರು ಮಂಡಿ ಟಾಕೀಸು. ಅದು ಮೊದಲು ನೂಲಿನ ಮಂಡಿಯಾಗಿತ್ತು. ಮುನಿರಾಮಯ್ಯನವರ ತಂದೆಯ ಕಾಲದಲ್ಲಿ ಮಗ್ಗದವರಿಗೆ ಬೇಕಾದ ನೂಲಿನ ಬೇಲುಗಳೆಲ್ಲ ಅಲ್ಲೇ ಇಳಿಯುತ್ತಿದ್ದವು. ಆಮೇಲೆ ಒಂದು ನಾಟಕದ ಕಂಪನಿ ಮಳೆಗಾಲ ಕಳೆಯಲು ಜಾಗ ಕೇಳಿಕೊಂಡು ಬಂದು ಮೂರು ವರ್ಷ ಅಲ್ಲಾಡಲಿಲ್ಲ. ಅವರು ಹೋದ ಮೇಲೆ ಗೋಡೆಗೆ ಸುಣ್ಣ ಬಳಿದು ಮಾತಿಲ್ಲದ ಚಿತ್ರ ತೋರಿಸಿದರು, ಆಮೇಲೆ ಮಾತಾಡುವ ಚಿತ್ರ ಬಂತು. ಕಟ್ಟಡ ಹೀಗೆ ನಾಲ್ಕು ಅವತಾರ ಎತ್ತಿದರೂ ಎಡಗಡೆಯ ಬಾಗಿಲು ಮಾತ್ರ ಬೇಲು ಇಳಿಸುವ ಕಾಲದ್ದೇ ಉಳಿಯಿತು. ಎರಡು ಅಂಗುಲ ದಪ್ಪದ ಹೊನ್ನೆ ಮರ, ಹೊರಕ್ಕೆ ತೆರೆಯುವ ಒಂಟಿ ಕದ, ಚಿಲಕವೂ ಹೊರಗಡೆಗೇ. ಸರಕು ಒಳಗಿನಿಂದ ಬಾಗಿಲು ತೆಗೆಯುವುದಿಲ್ಲವಲ್ಲ. ಟಾಕೀಸಾದಾಗ ಒಳಗೆ ಒಂದಾಳೆತ್ತರ ಗೋಡೆ ಎಬ್ಬಿಸಿ ಆ ಕಡೆ ಹೆಂಗಸರು, ಈ ಕಡೆ ಗಂಡಸರು ಎಂದು ಮಾಡಿ, ಹೆಂಗಸರಿಗೆ ಆ ಬಾಗಿಲನ್ನೇ ಕೊಟ್ಟರು.

ಟಾಕೀಸಿನ ಎರಡನೇ ವರ್ಷ ಒಬ್ಬ ಪೋಲಿ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಹೆಂಗಸರ ನಡುವೆ ಕೂತು ಸಿಕ್ಕಿಬಿದ್ದ. ಅವತ್ತಿನಿಂದ ನಾಲ್ಕು ತಿಂಗಳು ಯಾವ ಮನೆಯ ಹೆಂಗಸೂ ಆ ಕಡೆ ಕಾಲಿಡಲಿಲ್ಲ. ಹೆಂಗಸರು ಬರುವುದು ನಿಂತರೆ ಗಂಡಸರೂ ನಿಲ್ಲುತ್ತಾರೆ. ಹೆಂಡತಿಯನ್ನು ಒಲೆಯ ಮುಂದೆ ಬಿಟ್ಟು ಒಬ್ಬನೇ ಆಟಕ್ಕೆ ಹೋಗಿ ಬಂದು ನೆಮ್ಮದಿಯಾಗಿ ಉಂಡವನು ಯಾವನಿದ್ದಾನೆ? ಮುನಿರಾಮಯ್ಯನವರು ತಲೆ ಕೆರೆದುಕೊಂಡು ಕೊನೆಗೆ ಜಟಕಾ ಇಮಾಮ್ ಸಾಬರ ಮನೆಗೆ ಬಂದರು. ಇಮಾಮ್ ಸಾಬರ ಹೆಂಡತಿ ಬಶೀರುನ್ನೀಸಾ ಎಂದರೆ ಸಾಬರ ಬೀದಿಗೂ ಗೊತ್ತು, ಮಗ್ಗದ ಬೀದಿಗೂ ಗೊತ್ತು. ಹೆರಿಗೆ, ಮದುವೆ, ಆಸ್ಪತ್ರೆ ಎಂದು ಗಂಡನ ಗಾಡಿಯಲ್ಲಿ ಹೋಗುವ ಹೆಂಗಸರ ಜೊತೆಗೆ ಕೂತು ಬರುತ್ತಿದ್ದವಳು ಆಕೆ. ಆಕೆ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಮನೆಮನೆಗೆ ಹೋಗಿ ಮಾತು ಕೊಟ್ಟು ಬಂದಳು: "ಆಟ ಶುರುವಾದ ಮೇಲೆ ಹೊರಗಿಂದ ಬೀಗ ಹಾಕ್ತೀನಿ. ಬೀಗದ ಕೈ ನನ್ನ ಸೊಂಟದಲ್ಲಿರುತ್ತೆ. ನಿಮ್ಮ ಹೆಂಗಸರು ನನ್ನ ಜವಾಬ್ದಾರಿ."

ಐದು ವರ್ಷ ಹಾಗೇ ನಡೆಯಿತು. ಭಾನುವಾರ ಮಧ್ಯಾಹ್ನ ಮೂರು ಗಂಟೆಯ ಆಟಕ್ಕೆ ಹೆಂಗಸರನ್ನು ಒಳಗೆ ಬಿಟ್ಟು, ಬೀಗ ಹಾಕಿ, ಬಶೀರುನ್ನೀಸಾ ಹಿಂದಿನ ಓಣಿಯಲ್ಲಿದ್ದ ಮನೆಗೆ ಬರುತ್ತಿದ್ದಳು. ಇಂಟರ್‌ವಲ್ಲಿಗೆ ಹೋಗಿ ಹತ್ತು ನಿಮಿಷ ತೆಗೆಯುವುದು, ಮತ್ತೆ ಬೀಗ, ಮತ್ತೆ ಮನೆ. ಅಷ್ಟರಲ್ಲಿ ಗಂಡನಿಗೆ ಟೀ ಆಗಿ, ರಾತ್ರಿಯ ರೊಟ್ಟಿ ಸಾರು ಆಗಿ, ಕುದುರೆಗೆ ಹುರುಳಿ ಬೆಂದಿರುತ್ತಿತ್ತು. ಐವತ್ತು ಹೆಂಗಸರನ್ನು ಕೂಡಿಹಾಕಿ ಬಂದು ರೊಟ್ಟಿ ತಟ್ಟುವುದರಲ್ಲಿ ಆಕೆಗಾಗಲಿ ಊರಿಗಾಗಲಿ ಏನೂ ತಪ್ಪು ಕಂಡಿರಲಿಲ್ಲ. ನಾನಿದ್ದರೆ ನನಗೂ ಕಾಣುತ್ತಿರಲಿಲ್ಲವೇನೋ.

ಸಾವಿರದ ಒಂಬೈನೂರ ನಲವತ್ತನಾಲ್ಕರ ಶ್ರಾವಣದಲ್ಲಿ ಒಂದು ಸಂಜೆ ಮಗ ಚಾಂದ್ ಪಾಷಾ ಬಲಗೈಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದ. ಅವನು ಟಾಕೀಸಿನ ಆಪರೇಟರ್. ಮೇಲಿನ ಮಿಷನ್ ರೂಮಿನಲ್ಲಿ ರೀಲು ಓಡಿಸುವವನು.

"ಏನಾಯ್ತೋ ಕೈಗೆ?" ಎಂದಳು ತಾಯಿ. ಮನೆಯೊಳಗೆ ಅವರಾಡುತ್ತಿದ್ದುದು ದಖನಿ ಉರ್ದು. ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ಫಿಲಂ ಹತ್ಕೊಂಡ್ತು. ಒಂದು ಗೇಣು. ಒದ್ದೆ ಗೋಣಿ ಹಾಕಿ ಅದುಮಿದೆ."

"ಒಂದು ಗೇಣಿಗೆ ಇಷ್ಟು ರಂಪವಾ?"

ಚಾಂದ್ ಪಾಷಾ ಜೇಬಿನಿಂದ ಬೆರಳುದ್ದದ ಫಿಲಂ ಚೂರು ತೆಗೆದು ಅಂಗಳದ ಇಟ್ಟಿಗೆಯ ಮೇಲಿಟ್ಟ. ಒಲೆಯಿಂದ ಕೆಂಡ ತಂದು ಮುಟ್ಟಿಸಿದ. ಬುಸ್ಸೆಂದು ಮೊಣಕಾಲೆತ್ತರಕ್ಕೆ ಉರಿ ಎದ್ದಿತು. ಅವನ ಹೆಂಡತಿ ದಿಲ್ಶಾದ್ ಬಸುರಿ. ಹೊಟ್ಟೆಗೆ ಕೈ ಒತ್ತಿಕೊಂಡು ಹಿಂದೆ ಸರಿದಳು. ಕೊಟ್ಟಿಗೆಯಲ್ಲಿದ್ದ ಕುದುರೆ ಹಗ್ಗ ಜಗ್ಗಿತು. ಚಾಂದ್ ಪಾಷಾ ಚೊಂಬಿನ ನೀರು ಹುಯ್ದ. ನೀರಿನೊಳಗೂ ಅದು ಉರಿಯುತ್ತಲೇ ಇತ್ತು.

"ಇದು ಬೆರಳುದ್ದ," ಎಂದ. "ಮೇಲೆ ನನ್ನ ಹತ್ರ ಹದಿನಾರು ರೀಲಿದೆ. ಒಂದೊಂದೂ ಸಾವಿರ ಅಡಿ. ಕೆಳಗೆ ನೀನು ಬೀಗ ಜಡಿದು ಇಲ್ಲಿ ಬಂದು ಸಾರು ಕುದಿಸ್ತಿರ್ತೀಯ. ಇನ್ಮೇಲೆ ಬೀಗ ಹಾಕ್ಬೇಡ ಅಮ್ಮಾ."

"ಬೀಗ ಹಾಕ್ದೆ ಇದ್ರೆ ನಾಳೆ ಒಬ್ಬಳೂ ಬರಲ್ಲ. ಅದು ಬೀಗ ಅಲ್ಲ ಕಣೋ, ನಾನು ಮನೆಮನೆಗೆ ಹೋಗಿ ಕೊಟ್ಟ ಮಾತು."

"ಮಾತು ಉರಿಯಲ್ಲ. ಜನ ಉರೀತಾರೆ."

"ಹಾಗಾದ್ರೆ ನೀನು ಸರಿಯಾಗಿ ಮಿಷನ್ ಓಡಿಸೋದು ಕಲಿ."

ಇಮಾಮ್ ಸಾಬರು ಕೈ ತೊಳೆದು ಕೂತಾಗಿತ್ತು. "ಊಟದ ಹೊತ್ತಲ್ಲಿ ಇದೆಲ್ಲಾ ಬೇಡ. ಮುದ್ದೆ ಆರ್ತಾ ಇದೆ," ಎಂದರು. ಚಾಂದ್ ಪಾಷಾ ಊಟಕ್ಕೆ ಕೂರಲಿಲ್ಲ.

ಮರುದಿನ ಅವನು ಮುನಿರಾಮಯ್ಯನವರನ್ನು ಕೇಳಿದ. ಅವರು ಮಗ್ಗದ ಬೀದಿಯ ಹಿರಿಯ ಅಪ್ಪಯ್ಯಣ್ಣನ ಕಡೆ ಕೈ ತೋರಿಸಿದರು. ಅಪ್ಪಯ್ಯಣ್ಣ ಮಗ್ಗದ ಗುಂಡಿಯಿಂದ ಏಳದೆ, ಲಾಳಿ ನಿಲ್ಲಿಸದೆ ಹೇಳಿದ: "ಬೀಗ ಇದ್ರೆ ನಮ್ಮ ಹೆಂಗಸ್ರು ಬರ್ತಾರೆ, ಇಲ್ದಿದ್ರೆ ಇಲ್ಲ. ಇಷ್ಟೇ ಕಣಪ್ಪ." ಒಳಗೆ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಅವನ ತಾಯಿ ಅಕ್ಕಯಮ್ಮ ಅಲ್ಲಿಂದಲೇ ಸೇರಿಸಿದಳು: "ಬೀಗ ಇರ್ಲಿ ಬಿಡಪ್ಪ. ಬೀಗ ಇದ್ರೆ ಸೊಸೇರು ಅತ್ತಿತ್ತ ಮಿಸುಕದೆ ಕೂತ್ಕೋತಾರೆ." ಮೂವರು ಸೊಸೆಯರನ್ನು ಕಟ್ಟಿಕೊಂಡು ಅವಳು ತಪ್ಪದೆ ಆಟಕ್ಕೆ ಬರುತ್ತಿದ್ದಳು. ಯುದ್ಧದ ಕಾಲ, ಅಕ್ಕಿ ಸೀಮೆಎಣ್ಣೆಗೆ ಸಾಲು ನಿಲ್ಲುವ ಕಾಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ ಆಟ ಮಾತ್ರ ತುಂಬುತ್ತಿತ್ತು.

ಅವತ್ತಿನಿಂದ ಚಾಂದ್ ಪಾಷಾ ತಾಯಿಯ ಜೊತೆ ಮಾತು ಬಿಟ್ಟ. ಮಿಷನ್ ರೂಮಿನ ಏಣಿಯ ಬುಡದಲ್ಲಿ ಒಂದು ಹಾರೆ ತಂದು ಇಟ್ಟುಕೊಂಡ. ಬೆಂಕಿ ಬಿದ್ದರೆ ಇಳಿದು ಓಡಿ ಬೀಗ ಒಡೆಯುವುದು, ಅದೇ ಅವನ ಲೆಕ್ಕ.

ಶ್ರಾವಣ ಮುಗಿಯುತ್ತಲೇ ರಂಜಾನ್ ಬಂತು. ಆಗ ಮನೆಯಲ್ಲಿ ಇನ್ನೊಂದು ತೊಡಕು ಹುಟ್ಟಿತು. ಭಾನುವಾರ ಬಾಗಿಲಿಗೆ ಹೋದ ಬಶೀರುನ್ನೀಸಾ ನಡುವೆ ಮನೆಗೆ ಬರುವುದನ್ನೇ ಅಷ್ಟರಲ್ಲಿ ನಿಲ್ಲಿಸಿದ್ದಳು. ಮೂರಕ್ಕೆ ಹೋದರೆ ಆರಕ್ಕೆ, ಕೆಲವೊಮ್ಮೆ ಆರೂವರೆಗೆ. ಉಪವಾಸ ಬಿಡುವ ಹೊತ್ತಿಗೆ ಬೇಕಾದ ಗಂಜಿ, ಕುದುರೆಯ ಹುರುಳಿ, ಬಾವಿಯ ನೀರು, ಎಲ್ಲ ದಿಲ್ಶಾದಳ ತಲೆಗೆ ಬಿತ್ತು.

"ಐದು ವರ್ಷದಿಂದ ಬರ್ತಿದ್ದವಳು ಈಗ ಯಾಕೆ ಬರಲ್ಲ?" ಎಂದು ಇಮಾಮ್ ಸಾಬರು ಕೇಳಿದರು.

"ಮೊಣಕಾಲು ನೋವು. ಎರಡೆರಡು ಸಲ ಹೋಗಿ ಬರೋಕಾಗಲ್ಲ."

"ಗಂಜಿಗೆ ಉಪ್ಪಿಲ್ಲ."

"ಉಪ್ಪು ಹಾಕ್ಕೊಳ್ಳಿ. ಕೈಯಿಲ್ವಾ?"

ಮೂವತ್ತೈದು ವರ್ಷದಲ್ಲಿ ಇಂಥ ಉತ್ತರ ಕೇಳಿರದ ಇಮಾಮ್ ಸಾಬರು ಬಟ್ಟಲು ಹಿಡಿದುಕೊಂಡು ಸೊಸೆಯ ಮುಖ ನೋಡಿದರು. ಸೊಸೆ ಗೋಡೆ ನೋಡಿದಳು. ಬಸುರಿ ಸೊಸೆಯ ಮೇಲೆ ಕೆಲಸ ಹೇರಿ ಅತ್ತೆ ಟಾಕೀಸಿನ ಅಂಗಳದಲ್ಲಿ ಹರಟೆ ಹೊಡೆಯುತ್ತಿದ್ದಾಳೆ ಎಂದೇ ದಿಲ್ಶಾದ್ ತಿಳಿದಿದ್ದಳು. ಹಬ್ಬ ಕಳೆದ ಮುಂದಿನ ಭಾನುವಾರ ಸಿಟ್ಟು ತಡೆಯಲಾರದೆ, ಟೀ ಕೊಡುವ ನೆಪ ಮಾಡಿಕೊಂಡು, ಚೊಂಬು ಹಿಡಿದು ಹೊರಟಳು.

ಬಶೀರುನ್ನೀಸಾ ಬಾಗಿಲಿಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂತಿದ್ದಳು. ಸುತ್ತ ಹರಟೆ ಹೊಡೆಯಲು ಒಂದು ನರಪಿಳ್ಳೆಯೂ ಇರಲಿಲ್ಲ. ದಿಲ್ಶಾದ್ ಟೀ ಕೊಡಲು ಬಗ್ಗಿದವಳು ಅತ್ತೆಯ ತಲೆಯ ಮೇಲಿನ ಬೀಗ ನೋಡಿ ಹಾಗೇ ನಿಂತಳು. ಬೀಗ ಚೌಕಟ್ಟಿನ ಕಬ್ಬಿಣದ ಬಳೆಯಲ್ಲಿ ತೂಗುತ್ತಿತ್ತು. ಚಿಲಕ ಬಳೆಗೆ ಬಿದ್ದೇ ಇರಲಿಲ್ಲ. ದೂರದಿಂದ ನೋಡಿದವರಿಗೆ ಬೀಗ ಹಾಕಿದಂತೆಯೇ ಕಾಣಬೇಕು.

"ಅಮ್ಮಾ, ಚಿಲಕ..."

"ಮೆತ್ತಗೆ ಮಾತಾಡು."

"ಯಾವಾಗಿಂದ?"

"ಅವನು ಅಂಗಳದಲ್ಲಿ ಚೂರು ಸುಟ್ಟನಲ್ಲ, ಅದರ ಮುಂದಿನ ಭಾನುವಾರ ಬೀಗ ಹಾಕಿ ಮನೆಗೆ ಹೊರಟೆ. ಓಣಿ ತಿರುವಿನ ತನಕ ಹೋದೆ. ವಾಪಸ್ ಬಂದು ತೆಗೆದೆ. ಆಮೇಲೆ ಹಾಕೋಕೇ ಆಗ್ಲಿಲ್ಲ. ಹೆದರಿಕೆ ಆಯ್ತು ದಿಲ್ಶಾದ್. ಅಷ್ಟೇ."

ಚಿಲಕ ತೆರೆದಿದ್ದರಿಂದ ಬಾಗಿಲು ಬಿಟ್ಟು ಏಳುವ ಹಾಗಿರಲಿಲ್ಲ. ಯಾವನಾದರೂ ಕದ ಎಳೆದು ಒಳಗೆ ಹೋದರೆ ಕೊಟ್ಟ ಮಾತು ಮಣ್ಣುಪಾಲು. ಮೂರು ಗಂಟೆ ಹೊತ್ತು ಆಕೆ ತಾನೇ ಬೀಗವಾಗಿ ಕೂರುತ್ತಿದ್ದಳು. ಟೀ ಇಲ್ಲ, ಹೊತ್ತಿಳಿದ ಮೇಲಿನ ಅಸರ್ ನಮಾಜು ತಪ್ಪುತ್ತಿತ್ತು, ಮೊಣಕಾಲು ನಿಜವಾಗಿಯೂ ಹಿಡಿದುಕೊಳ್ಳುತ್ತಿತ್ತು.

"ನಿಮ್ಮ ಮಗನಿಗೆ ಹೇಳ್ಬಿಡಿ ಅಮ್ಮಾ. ಅವರು ಅಲ್ಲಿ ಮೇಲೆ ಹೆದರ್ಕೊಂಡು ನಿಂತಿರ್ತಾರೆ."

"ಬೇಡ. ಅವನ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ. ಹೋಟೆಲಲ್ಲಿ ಯಾರಾದ್ರೂ ಕೆಣಕಿದ್ರೆ ಆಡಿಬಿಡ್ತಾನೆ. ಮಗ್ಗದ ಬೀದಿಗೆ ಗೊತ್ತಾದ್ರೆ ಮುಗೀತು. ಆಮೇಲೆ ಇನ್ನೊಬ್ಬಳು ಬರ್ತಾಳೆ, ಅವಳು ನಿಜವಾಗೂ ಬೀಗ ಹಾಕ್ತಾಳೆ. ನನ್ನ ಮೇಲೆ ಆಣೆ, ಹೇಳ್ಬೇಡ."

ಮಗನ ಮಾತಿಗೆ ಹೆದರಿದಳು ಅನ್ನಿಸಿಕೊಳ್ಳುವುದೂ ಆಕೆಗೆ ಬೇಕಿರಲಿಲ್ಲ. ಅದನ್ನು ಆಕೆ ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

ಇನ್ನು ದಿಲ್ಶಾದಳ ಪಾಡು ಅತ್ತ ದರಿ ಇತ್ತ ಪುಲಿ. ಗಂಡ ಭಾನುವಾರ ಬೆಳಿಗ್ಗೆಯಿಂದಲೇ ತುತ್ತು ಮುಟ್ಟುತ್ತಿರಲಿಲ್ಲ. ರೊಟ್ಟಿ ಮುರಿದು, ಬಟ್ಟಲಲ್ಲಿ ಅದ್ದಿ, ಹಾಗೇ ಬಿಟ್ಟು ಏಳುತ್ತಿದ್ದ. ದೀಪಾವಳಿಯ ವಾರ ಒಂದು ಬೆಳಿಗ್ಗೆ ಹೇಳಿದ:

"ಬೆಂಗಳೂರಲ್ಲಿ ಮಿಲ್ಲಿಗೆ ಜನ ತಗೋತಿದಾರಂತೆ. ಈ ತಿಂಗಳು ಆದ್ಮೇಲೆ ಹೋಗ್ತೀನಿ."

"ಮಿಷನ್ ಕೆಲಸ ಅಂದ್ರೆ ಪ್ರಾಣ ಬಿಡ್ತಿದ್ರಲ್ಲ."

"ಈಗ ಆಗಲ್ಲ ದಿಲ್ಶಾದ್. ರೀಲು ಜೋಡಿಸುವಾಗ ಕೆಳಗಿರೋ ಹೆಂಗಸರ ನಗು ಕೇಳಿಸುತ್ತೆ. ಅದು ಕೇಳಿದ್ರೆ ಸಾಕು, ಕಣ್ಣು ಏಣಿ ಕಡೆಗೇ ಹೋಗುತ್ತೆ."

ಹೇಳಿಬಿಡಲೇ ಎಂದು ಅವಳ ಬಾಯಿಗೆ ಬಂತು. ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ಇಡುವ ಸದ್ದು ನಿಂತಿತು. ದಿಲ್ಶಾದ್ ಬಾಯಿ ಮುಚ್ಚಿಕೊಂಡು ಗಂಡನ ಬಟ್ಟಲು ಎತ್ತಿಕೊಂಡು ಹೋದಳು. ಅವತ್ತು ಅವಳು ಮಾಡಿದ್ದು ತಪ್ಪು. ಆದರೆ ಆಣೆ ಇಟ್ಟವಳ ಎದುರೇ ಆಣೆ ಮುರಿಯುವುದು ಸುಲಭವಲ್ಲ.

ಕಾರ್ತಿಕದ ಕೊನೆಯ ಭಾನುವಾರ ಇಂಟರ್‌ವಲ್ ಮುಗಿದು ಅರ್ಧ ಗಂಟೆಯಾಗಿತ್ತು. ಮಿಷನ್ನಿನಲ್ಲಿ ಫಿಲಂ ಸಿಕ್ಕಿಕೊಂಡು ನಿಂತಿತು; ದೀಪದ ಕಾವಿಗೆ ಹತ್ತಿಕೊಂಡಿತು. ಮರಳಿನ ಬಕೆಟ್ಟು ಚಾಂದ್ ಪಾಷಾನ ಕೈಗೆಟುಕುವಲ್ಲೇ ಇತ್ತು. ಅವನು ಅದನ್ನು ಮುಟ್ಟಲಿಲ್ಲ. ಏಣಿ ಇಳಿದು, ಹಾರೆ ಹಿಡಿದು, "ಬಾಗ್ಲು, ಬಾಗ್ಲು" ಎಂದು ಕೂಗುತ್ತ ಕಟ್ಟಡ ಸುತ್ತಿ ಎಡಗಡೆಗೆ ಓಡಿದ.

ಅಲ್ಲಿ ಬಾಗಿಲು ತೆರೆದಿತ್ತು. ಹೆಂಗಸರು ಆಗಲೇ ಅಂಗಳದಲ್ಲಿದ್ದರು. ಹೊಗೆ ಕಂಡು ಕಿರುಚಿಕೊಂಡು ಒಳಗಿನವರು ನೂಕಿದ ರಭಸಕ್ಕೆ ಬಶೀರುನ್ನೀಸಾ ಮಣೆಯಿಂದ ಉರುಳಿ ಬಿದ್ದಿದ್ದಳು. ಎದ್ದು, ಬರುವವರ ತಲೆ ಎಣಿಸಿ, ಒಂದು ತಲೆ ಕಡಿಮೆ ಎಂದು ಒಳನುಗ್ಗಿ, ಕಂಬ ಹಿಡಿದು ನಿಂತಿದ್ದ ಅಕ್ಕಯಮ್ಮನನ್ನು ರಟ್ಟೆ ಹಿಡಿದು ಎಳೆದು ತಂದಿದ್ದಳು. ಒಳಗೆ ಹೋದವರು ಐವತ್ತೊಂದು ಜನ, ಐವತ್ತೊಂದು ಜನವೂ ಹೊರಗಿದ್ದರು. ಗಂಡಸರ ಕಡೆಯ ಮೂರು ಬಾಗಿಲುಗಳಿಂದಲೂ ಎಲ್ಲರೂ ಈಚೆ ಬಂದಾಗಿತ್ತು.

"ಬೀಗ?" ಎಂದ ಚಾಂದ್ ಪಾಷಾ. ಮೂರು ತಿಂಗಳಾದ ಮೇಲೆ ತಾಯಿಗೆ ಆಡಿದ ಮೊದಲ ಮಾತು.

"ಹಾಕಿರ್ಲಿಲ್ಲ."

"ಇವತ್ತಾ?"

"ಶ್ರಾವಣದಿಂದ."

ಅವನು ಹಾರೆ ಕೆಳಗೆ ಹಾಕಿ ಮೇಲೆ ನೋಡಿದ. ಮಿಷನ್ ರೂಮಿನ ತಗಡು ಕೆಂಪಗಾಗುತ್ತಿತ್ತು. ಊರವರು ಬಾವಿಯಿಂದ ಕೊಡ ಕೊಡ ನೀರು ಹೊತ್ತು ಹಾಕಿ ಕಟ್ಟಡ ಉಳಿಸಿದರು. ಮಿಷನ್ನು, ಏಳು ರೀಲು, ಮೇಲಿನ ತಗಡು ಹೋದವು.

ಅವತ್ತು ಸಂಜೆ ಮನೆಯಲ್ಲಿ ಸಾರು ಕುದಿಯಿತು, ಯಾರೂ ಬಡಿಸಿಕೊಳ್ಳಲಿಲ್ಲ.

"ಒಂದು ಮಾತು ಹೇಳಿದ್ರೆ ನಾನು ಮೇಲೇ ನಿಂತು ಮರಳು ಹಾಕ್ತಿದ್ದೆ," ಎಂದ ಚಾಂದ್ ಪಾಷಾ. "ಒಂದು ರೀಲಲ್ಲಿ ಮುಗೀತಿತ್ತು. ನಾನು ಬಿಟ್ಟು ಓಡಿದ್ದಕ್ಕೇ ಮಿಷನ್ ಹೋಯ್ತು ಅಂತ ಮುನಿರಾಮಯ್ಯ ಸಾಹುಕಾರ್ರು ಅಂತಿದಾರೆ. ಅವರು ಹೇಳೋದು ಸರಿ." ಆಮೇಲೆ ಹೆಂಡತಿಯ ಕಡೆ ತಿರುಗಿದ. "ನಿನಗೆ ಗೊತ್ತಿತ್ತಾ?"

ದಿಲ್ಶಾದ್ ಹೌದೆಂದು ತಲೆಯಾಡಿಸಿದಳು. ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವಳಿಗನ್ನಿಸಿತು.

ಇಮಾಮ್ ಸಾಬರು ಗಂಟಲು ಸರಿಮಾಡಿಕೊಂಡರು. "ಆಗಿದ್ದು ಆಯ್ತು. ನಾಳೆ ಪಂಚಾಯ್ತಿಗೆ ಕರೆದಿದಾರೆ. ಹೊಗೆ ವಾಸನೆ ಬಂತು, ಬೀಗ ತೆಗೆದೆ ಅಂತ ಹೇಳು. ನೋಡಿದವರು ಯಾರಿದಾರೆ? ಇವನ ಕೆಲಸ ಹೋಗೋದು ಹೋಯ್ತು, ನಿಂದಾದ್ರೂ ಉಳೀಲಿ."

"ಹೂಂ," ಎಂದಳು ಬಶೀರುನ್ನೀಸಾ.

"ಹಾಗೇ ಹೇಳ್ತೀಯ ತಾನೆ?"

"ಹೂಂ ಅಂದ್ನಲ್ಲ."

ಮರುದಿನ ಬೆಳಿಗ್ಗೆ ಸುಟ್ಟ ವಾಸನೆಯ ಅಂಗಳದಲ್ಲಿ ಮುನಿರಾಮಯ್ಯನವರು, ಅಪ್ಪಯ್ಯಣ್ಣ, ಎರಡೂ ಬೀದಿಯ ಹತ್ತಾರು ಹಿರಿಯರು ಸೇರಿದರು. ಬಶೀರುನ್ನೀಸಾ ಹೇಳಿಕೊಟ್ಟಂತೆಯೇ ಹೇಳಿದಳು: ವಾಸನೆ ಬಂತು, ತೆಗೆದೆ. ಎಲ್ಲರ ಮುಖವೂ ತಿಳಿಯಾಯಿತು. ಇಮಾಮ್ ಸಾಬರು ಉಸಿರು ಬಿಟ್ಟರು.

"ನೋಡಿದ್ರಾ," ಎಂದ ಅಪ್ಪಯ್ಯಣ್ಣ. "ಬೀಗದಿಂದ ಏನೂ ತೊಂದ್ರೆ ಇಲ್ಲ. ಬಶೀರಮ್ಮನಂಥವರು ಕೈಯಲ್ಲಿ ಕೀಲಿ ಇಟ್ಕೊಂಡಿದ್ರೆ ಯಾವ ಬೆಂಕಿಗೂ ಹೆದರ್ಬೇಕಾಗಿಲ್ಲ. ಮಿಷನ್ ರಿಪೇರಿ ಮಾಡ್ಸಿ, ಇನ್ನೊಂದು ಗಟ್ಟಿ ಬೀಗ ತರ್ಸಿ, ಸಾಹುಕಾರ್ರೇ."

ಬಶೀರುನ್ನೀಸಾ ಹೊರಡಲು ಎರಡು ಹೆಜ್ಜೆ ಇಟ್ಟವಳು ನಿಂತಳು.

"ಅಪ್ಪಯ್ಯಣ್ಣನೋರೇ, ನಾನು ಸುಳ್ಳು ಹೇಳ್ದೆ. ಬೀಗ ಹಾಕೇ ಇರ್ಲಿಲ್ಲ. ಮೂರು ತಿಂಗಳಿಂದ ಹಾಕಿಲ್ಲ. ಹಾಕಿದ್ರೆ ನಾನು ಮನೇಲಿ ರೊಟ್ಟಿ ತಟ್ತಾ ಇರ್ತಿದ್ದೆ. ಓಡಿ ಬರೋ ಹೊತ್ತಿಗೆ ನಿಮ್ಮ ತಾಯಿನೂ ಇರ್ತಿರ್ಲಿಲ್ಲ, ನಿಮ್ಮ ಮನೆ ಸೊಸೇರೂ ಇರ್ತಿರ್ಲಿಲ್ಲ."

ಅದಕ್ಕೆ ಅಪ್ಪಯ್ಯಣ್ಣ ಕೇಳಿದ ಪ್ರಶ್ನೆ ಇದು: "ಅಂದ್ರೆ ಮೂರು ತಿಂಗಳು ನಮ್ಮ ಹೆಂಗಸ್ರನ್ನ ತೆರೆದ ಬಾಗ್ಲಲ್ಲಿ ಕೂರ್ಸಿದ್ರಾ?"

"ಹೂಂ. ನಾನು ಬೆನ್ನು ಕೊಟ್ಟು ಕೂತಿದ್ದೆ. ಒಬ್ಬ ಗಂಡಸಾದ್ರೂ ಒಳಗೆ ಬಂದ್ನಾ, ಕೇಳಿ ನಿಮ್ಮ ಮನೇಲಿ."

"ಅದಲ್ಲ ಮಾತು. ನೀವು ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ," ಎಂದಳು ಬಶೀರುನ್ನೀಸಾ. "ತಪ್ಪಿದೆ."

ಐವತ್ತೊಂದು ಜನ ಬದುಕಿದ್ದರ ಬಗ್ಗೆ ಆಮೇಲೆ ಯಾರೂ ಮಾತೆತ್ತಲಿಲ್ಲ. ಎಲ್ಲರ ಮಾತೂ ಚಿಲಕದ ಬಗ್ಗೆಯೇ. ಆಕೆ ಸೊಂಟದಿಂದ ಬೀಗದ ಕೈ ಬಿಚ್ಚಿ ಮುನಿರಾಮಯ್ಯನವರ ಮುಂದಿಟ್ಟು ಮನೆಗೆ ಬಂದಳು. ಇಮಾಮ್ ಸಾಬರು ಮನೆ ಸೇರಿದ ಮೇಲೆ ಕುದುರೆಗೆ ಬೈದರು.

ಚಾಂದ್ ಪಾಷಾನ ಕೆಲಸ ಮಾತ್ರ ಉಳಿಯಿತು. ಮುನಿರಾಮಯ್ಯನವರಿಗೆ ಅವನ ಮೇಲೆ ಪ್ರೀತಿಯೇನಲ್ಲ, ಯುದ್ಧದ ಕಾಲದಲ್ಲಿ ಇನ್ನೊಬ್ಬ ಆಪರೇಟರ್ ಸಿಗಲಿಲ್ಲ. ಬೆಂಗಳೂರಿನಿಂದ ಒಂದು ಹಳೆಯ ಮಿಷನ್ನು ಬಂತು. ಹೆಂಗಸರ ಬಾಗಿಲಿಗೆ ಮುನಿವೆಂಕಟಮ್ಮ ಎಂಬವಳನ್ನು ನೇಮಿಸಿದರು. ಅವಳಿಗೆ ಅಂಗೈಯಗಲದ ಹೊಸ ಬೀಗ ಕೊಟ್ಟರು. ಬೀದಿಬೀದಿಗೂ ತೋರಿಸಿಕೊಂಡು ಬಂದಳು.

ಚಾಂದ್ ಪಾಷಾ ಮಿಲ್ಲಿನ ಮಾತು ಮತ್ತೆ ಎತ್ತಿದ. "ಆ ಬೀಗದ ಮೇಲೆ ನಾನು ರೀಲು ಓಡ್ಸಲ್ಲ ಅಮ್ಮಾ," ಎಂದ. "ಒಂದು ಆಟ ನೋಡ್ತೀನಿ. ಬೀಗ ಬಿದ್ರೆ ಕೆಲಸ ಬಿಡ್ತೀನಿ."

"ಹೆರಿಗೆ ಆಗ್ಲಿ. ಆಮೇಲೆ ನೋಡೋಣ," ಎಂದಳು ತಾಯಿ. ಆಕೆಯ ಮಾತಿನಲ್ಲಿ ಕಸುವೇ ಇರಲಿಲ್ಲ. ಹಗಲೆಲ್ಲ ಮನೆಯಲ್ಲೇ ಇರುವುದು ಆಕೆಗೆ ಒಗ್ಗಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಪುಷ್ಯಮಾಸದ ಒಂದು ಭಾನುವಾರ ಹೆಂಗಸರ ಆಟ ಮತ್ತೆ ಶುರುವಾಯಿತು. ಮೂರು ಗಂಟೆಗೆ ಬಶೀರುನ್ನೀಸಾ ರಾಗಿ ಹಿಟ್ಟು ಜರಡಿ ಹಿಡಿಯಲು ಕೂತಳು. ನಾಲ್ಕಾದರೂ ಅದೇ ಹಿಟ್ಟು. ದಿಲ್ಶಾದ್ ತುಂಬು ಬಸುರಿ, ಗಂಡನಿಗೆ ಟೀ ಒಯ್ಯುತ್ತೇನೆಂದು ಹೋದವಳು ಬೇಗ ಬರಲಿಲ್ಲ. ಆರೂವರೆಗೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬಂದರು. ಚಾಂದ್ ಪಾಷಾ ಕೈಕಾಲು ತೊಳೆದು ಬಂದು ತಾನಾಗಿ ತಟ್ಟೆ ಎಳೆದುಕೊಂಡ.

"ಹಾಕಿದ್ಲಾ?" ಎಂದಳು ಬಶೀರುನ್ನೀಸಾ.

"ಹಾಕೋಕಾಗ್ಲಿಲ್ಲ," ಎಂದಳು ದಿಲ್ಶಾದ್. "ಎಲ್ಲ ಒಳಗೆ ಹೋದ್ಮೇಲೆ ಮುನಿವೆಂಕಟಮ್ಮ ಕದ ಮುಚ್ಚೋಕೆ ಹೋದ್ಲು. ಅಕ್ಕಯಮ್ಮನೋರು ಕಡೇಲಿ ಬಂದು ಹೊಸ್ತಿಲ ಮೇಲೇ ಕೂತ್ಬಿಟ್ರು."

ಇಮಾಮ್ ಸಾಬರು ತಲೆಯೆತ್ತಿದರು. ಹೊಸ್ತಿಲ ಮೇಲೆ ಹೆಂಗಸು ಕೂರುವುದೆಂದರೆ ಮಗ್ಗದ ಬೀದಿಯಲ್ಲಿ ಸಣ್ಣ ಮಾತಲ್ಲ. ಅಕ್ಕಯಮ್ಮ ತನ್ನ ಸೊಸೆಯರು ಹೊಸ್ತಿಲು ತುಳಿದರೂ ಮೂರು ದಿನ ಬೈಯುವವಳು.

"ಏನಂದ್ರು?" ಎಂದಳು ಬಶೀರುನ್ನೀಸಾ.

"ಒಳಗೆ ಸೆಕೆ, ನಾನು ಇಲ್ಲೇ ಕೂರ್ತೀನಿ ಅಂದ್ರು."

"ಈ ಚಳೀಲಿ ಸೆಕೆಯಾ?"

"ಮುನಿವೆಂಕಟಮ್ಮನೂ ಅದನ್ನೇ ಕೇಳಿದ್ಲು. ಅಪ್ಪಯ್ಯಣ್ಣನೋರೇ ಓಡಿ ಬಂದ್ರು, ಏಳಮ್ಮ, ಅಪಶಕುನ ಅಂದ್ರು. 'ನಂಗೆ ಸೆಕೆ ಕಣಲಾ, ನೀನು ಹೋಗಿ ಗಂಡಸರ ಕಡೆ ಕೂತ್ಕೋ' ಅಂತ ಅಂದ್ಬಿಟ್ರು. ಕಂಬಳಿ ಹೊದ್ಕೊಂಡು ಮೂರು ಗಂಟೆ ಅಲ್ಲೇ ಕೂತಿದ್ರು ಅಮ್ಮಾ. ಕದ ಬೆನ್ನ ಹಿಂದೆ ತೆರೆದೇ ಇತ್ತು."

ಚಾಂದ್ ಪಾಷಾ ಮುದ್ದೆ ಮುರಿಯುತ್ತ ಹೇಳಿದ: "ಮುಂದಿನ ಭಾನುವಾರ ಅವರ ದೊಡ್ಡ ಸೊಸೆಗೆ ಸೆಕೆಯಂತೆ. ಆಮೇಲಿನ ವಾರ ಪಕ್ಕದ ಮನೆ ಮುನಿರತ್ನಮ್ಮಂಗೆ. ಹೊರಗೆ ಬರುವಾಗ ಸರದಿ ಹಾಕ್ಕೊಳ್ತಾ ಇದ್ರು." ಅವನು ಎರಡನೇ ಮುದ್ದೆಗೆ ಕೈ ಚಾಚಿದ. ಮಿಲ್ಲಿನ ಮಾತು ಎತ್ತಲಿಲ್ಲ.

ಬಶೀರುನ್ನೀಸಾಳ ಕಣ್ಣು ತುಂಬಿ ಬಂತು, ಮರೆಮಾಡಲೂ ಇಲ್ಲ. ಮಗನ ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟು, ಸೊಸೆಗೆ ಹೇಳಿದಳು:

"ನಾಳೆ ಹೋಗಿ ಅಕ್ಕಯಮ್ಮನೋರಿಗೆ ಹೇಳು. ಮುನಿರತ್ನಮ್ಮನ ಸರದಿ ಆದ ಮುಂದಿನ ವಾರ ನನಗೂ ಸೆಕೆ. ಟಿಕೀಟು ತಗೊಂಡೇ ಬರ್ತೀನಿ."